ಆರು ದಿನದ ಹೆಬ್ಬೆಟ್ಟು

ಗಿರಿಜವ್ವನ ಅಪ್ಪಾರ,

ನಿನ್ನೆ ಗಿರಣಿ ಕೆಲಸ ಬಿಟ್ಟು ಬರುವಾಗ ಕೊಟ್ಟ ಕಡೀ ಪಗಾರದಾಗ ಎರಡು ರೂಪಾಯಿ ನಾಲ್ಕಾಣೆ ಹೆಚ್ಚಿಗೆ ಬಂದೈತಿ ಅಂದಿದ್ದೆನಲ್ಲ, ಅದನ್ನ ತಿರುಗಿ ಕೊಡತೇನಿ ಅಂತ ಸಾವಕಾರರ ಕಡೆ ಹೋಗಬ್ಯಾಡ್ರಿ. ನಿಮ್ಮ ಖರೇತನ ಇವತ್ತೊಂದಿನ ಗೂಟಕ್ಕ ತೂಗಹಾಕ್ರಿ.

ರೊಟ್ಟಿ ಬುಟ್ಟ್ಯಾಗ ಅದಾವ. ಆಕಳಿಗೆ ನೀರು ಕುಡಿಸ್ರಿ.

ದಿನಕ್ಕ ಆರಾಣೆ ಕೂಲಿ. ಅಂದ್ರ ಅದು ಬರೋಬ್ಬರಿ ಆರು ದಿನದ ಪಗಾರ. ಈ ತಿಂಗಳು ನಾನು ಚಳಿಜ್ವರದಾಗ ಮಲಗಿದ್ದೂ ಆರ ದಿನ. ಆ ಗಿರಣ್ಯಾಗ ಓದು ಬಂದವರೂ ಹೆಬ್ಬೆಟ್ಟು ಒತ್ತಬೇಕು. ಕಾರಕೂನ ಮುಖ ನೋಡಂಗಿಲ್ಲ, ಹೆಬ್ಬೆಟ್ಟು ಎಣಸ್ತಾನ. ನಿನ್ನೆ ಹಾಜರಿ ಪುಸ್ತಕದಾಗ ನನ್ನ ಹೆಸರಿನ ಮುಂದ ಆರು ಹೆಬ್ಬೆಟ್ಟಿನ ಗುರುತಿನಾಗ ನಟ್ಟನಡುವ ಒಂದೊಂದು ಬಿಳೀ ಗೆರಿ ಕಂಡಿತ್ತು. ಮಸಿ ಹತ್ತಿಲ್ಲ ಅಂದ್ಕೊಂಡಿದ್ದೆ. ಮುಂಜಾನೆ ಈಳಿಗಿ ಮುಂದ ಕುಂತಾಗ ಥಟ್ಟನ ಹೊಳೀತು: ಅದ ಗಿರಣ್ಯಾಗ ದುಡಿಯೋ ಶಾಕೀರಾನ ಹೆಬ್ಬೆಟ್ಟು ಹಿಂದೊಮ್ಮೆ ಈಳಿಗಿಗೆ ಸಿಕ್ಕು ಸೀಳಿತ್ತು.

ಆಕಿದು ಮುಂಜಾನಿ ಪಾಳಿ, ನಂದು ಮಧ್ಯಾಹ್ನದಿಂದ ಸಂಜೀತನಕ. ಎರಡೂ ಹೆಂಗ ಮಾಡಿದ್ಲು? ನನಗ್ಯಾಕ ಹೇಳಲಿಲ್ಲ? ಕೇಳೂತನಕ ತುತ್ತು ಇಳಿಯಂಗಿಲ್ಲ. ಇವತ್ತು ಸೂಟಿ, ಆಕಿ ತವರಿಗೆ ಹುಲಗೂರಿಗೆ ಹೋಗ್ಯಾಳ. ರೊಕ್ಕ ತಗೊಂಡು ಗಾಡಿ ಹತ್ತಾಕತ್ತೇನಿ, ಸಂಜಿಗೆ ಬರ್ತೇನಿ. ಮೊದಲ ಆ ಬೆರಳು ನೋಡಬೇಕು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಆಕಿ ಇನ್ನೂ ಅಲ್ಲೇ ದುಡೀಬೇಕು.

ಆ ಆರೂ ದಿನ ದೀಪ ಹಚ್ಚೋ ಹೊತ್ತಿಗೆ ಬಂದು ನನ್ನ ಕಾಲು ಒತ್ತತಿದ್ಲು, ನೆನಪೈತೇನ್ರಿ? "ನಿನಗ ಬ್ಯಾರೆ ಕೆಲಸ ಇಲ್ಲೇನ?" ಅಂತ ನಾನ ಬೈದಿದ್ದೆ.