ಶ್ರೀರಂಗಪಟ್ಟಣ ಸೋಲಲಿ ಎಂದು ಹೋದವನು

ಅಕ್ಕಾ,

ಮೊನ್ನೆ ಭಾನುವಾರ ಡೈರಿಗೆ ಹಾಲು ಹಾಕಿದವನೇ ಬೈಕು ಹತ್ತಿ ಪಾಂಡವಪುರಕ್ಕೆ ಹೋದೆ. ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್. ನಗು ಬಂತಾ? ಚೆಂಡು ಎದುರಿಗೆ ಬಂದರೆ ಪಕ್ಕಕ್ಕೆ ಸರಿಯುತ್ತಿದ್ದವನು ನಾನು. ನಮ್ಮ ನಾಗಮಂಗಲ ಆಡುತ್ತಿರಲಿಲ್ಲ, ಪಿ.ಟಿ. ಮಿಸ್ ನೀನೇ ಹೋದ ಮೇಲೆ ಟೀಮಾದರೂ ಎಲ್ಲಿ? ಆಟ ಇದ್ದದ್ದು ಕೆ.ಆರ್. ಪೇಟೆಗೂ ಶ್ರೀರಂಗಪಟ್ಟಣಕ್ಕೂ. ಶ್ರೀರಂಗಪಟ್ಟಣ ಸೋಲುವುದನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

ಹೋದ ವರ್ಷದ ಸೆಮಿಫೈನಲ್ ಮರೆಯಲಿ ಹೇಗೆ? ನಮ್ಮ ಗೋಲ್‌ಕೀಪರ್ ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಬಿದ್ದಿದ್ದಳು. ಅವರ ಏಳನೇ ನಂಬರಿನ ಹುಡುಗಿ ಮೇಘನ ಖಾಲಿ ಗೋಲಿಗೆ ಚೆಂಡು ತಳ್ಳಿದಳು. ಆ ಒಂದು ಗೋಲಿಗೇ ಸೋತೆವು. ಕೂಗಾಡುತ್ತಾ ಮೈದಾನಕ್ಕೆ ನುಗ್ಗಿದ್ದ ನನ್ನ ಅಂಗಿ ಹಿಡಿದೆಳೆದು ನೀನು, "ಸೀಟಿ ಊದಿಲ್ಲ ಅಂದ್ಮೇಲೆ ಆಟ ನಿಂತಿಲ್ಲ ಕಣ್ಲಾ, ಕುಂತ್ಕೊ," ಅಂದೆ. ಆಟ ಮುಗಿದ ಮೇಲೆ ಆ ಮೇಘನಳನ್ನು ಗೋಲಿನ ಹಿಂದಕ್ಕೆ ಕರೆದುಕೊಂಡು ಹೋದೆ. ಚೆನ್ನಾಗಿ ಉಗಿದು ಬರಲಿ ಎಂದು ನಾನು ಟೆಂಪೊದಲ್ಲಿ ಕಾದಿದ್ದೆ. ಬಂದವಳೇ ಹುಡುಗಿಯರ ತಲೆ ಎಣಿಸಿ, ಹೊರಡು ಅಂದೆ. ಅದೇ ನಿನ್ನ ಕೊನೆಯ ಪಂದ್ಯ. ಆಮೇಲೆ ಕಾಯಿಲೆ, ಆಸ್ಪತ್ರೆ... ಅವಳಿಗೆ ಏನಂದೆ ಎಂದು ಕೇಳುವುದಕ್ಕೆ ಹೊತ್ತೆಲ್ಲಿತ್ತು?

ಪಾಂಡವಪುರದಲ್ಲಿ ನನ್ನ ಪಕ್ಕ ಸಿಂಧಘಟ್ಟದವರೊಬ್ಬರು ಕೂತಿದ್ದರು. ಅವರ ಮಗಳು ಕೆ.ಆರ್. ಪೇಟೆ ಟೀಮಿನಲ್ಲಿದ್ದಳು. ನನ್ನ ಅರಚಾಟ ಕೇಳಿ, "ನಿಮ್ ಮಗಳೂವೆ ಆಡ್ತಾವ್ಳಾ?" ಎಂದರು.

"ಇಲ್ಲ ಕಣಣ್ಣ. ನಾನು ಯಾರ್ ಕಡೆನೂ ಅಲ್ಲ, ಸುಮ್ಕೆ ನೋಡಕ್ ಬಂದೆ."

"ಸುಮ್ಕೆ ಬಂದೋರು ಇಂಗೆ ಬಾಯ್ ಬಡ್ಕತಾರಾ? ಕುಂತ್ಕಳಿ ಅತ್ಲಾಗಿ!"

ಆಟ ಮುಗಿಯುತ್ತಾ ಬಂದಿತ್ತು, ಎರಡೂ ಕಡೆ ಸಮ. ಕೆ.ಆರ್. ಪೇಟೆಯ ಇಬ್ಬರು ಸೇರಿ ಮೇಘನಳನ್ನು ಎಡಗಡೆ ಮೂಲೆಗೆ ಒತ್ತರಿಸಿದರು. ಬಲಗಾಲಿಗೆ ತಿರುಗಿಸಿಕೊಳ್ಳುತ್ತಾಳೆ ಎಂದುಕೊಂಡೆವು. ತಿರುಗಲೇ ಇಲ್ಲ. ಎಡಗಾಲಲ್ಲೇ ಬೀಸಿದಳು. ಚೆಂಡು ಬಾಗಿ, ಗೋಲ್‌ಕೀಪರ್ ಬೆರಳ ತುದಿ ದಾಟಿ, ಆಚೆ ಮೂಲೆಯ ಬಲೆಗೆ ಬಿತ್ತು. ನೋಡುತ್ತೇನೆ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೇನೆ! ಸಿಂಧಘಟ್ಟದ ಅಣ್ಣ ನನ್ನನ್ನೇ ಮಿಕಮಿಕ ನೋಡಿದರು. ಏನು ಮಾಡಲಿ ಅಕ್ಕಾ, ಗೋಲು ಹಾಗಿತ್ತು.

ಶ್ರೀರಂಗಪಟ್ಟಣವೇ ಗೆದ್ದಿತು. ಜನ ಚದುರುವಾಗ ಆ ಹುಡುಗಿಯೇ ಹುಡುಕಿಕೊಂಡು ಬಂದಳು. "ಅಣ್ಣ, ನೀವು ನಾಗಮಂಗ್ಲದ ಮಿಸ್ ತಮ್ಮ ಅಲ್ವಾ? ಆವತ್ತು ನನ್ ಮೇಲೆ ಕೂಗಾಡಿದ್ರಿ. ಮಿಸ್ ಬರ್ಲಿಲ್ವಾ? ಎಡಗಾಲಲ್ಲಿ ಒಡೆಯೋದು ಅವ್ರೇ ಏಳ್ಕೊಟ್ಟಿದ್ದು, ಗೋಲ್ ಹಿಂದೆ ನಿಲ್ಲಿಸ್ಕೊಂಡು. 'ಖಾಲಿ ಗೋಲಿಗೆ ಯಾರ್ ಬೇಕಾದ್ರೂ ಒಡೀತಾರೆ ಕಣವ್ವ. ನಿನ್ ಎಡಗಾಲು ಮಲಗ್ಬುಟ್ಟದೆ, ಎಬ್ಬುಸು' ಅಂದ್ರು."

ನೀನಿಲ್ಲ ಎಂದೆ. ಅವಳು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ನಾನೂ ಕೂತೆ. ಸೋತ ದಿನವೇ, ಸೋಲಿಸಿದವಳಿಗೇ... ನೀನೂ ನಾನೂ ಒಂದೇ ಒಲೆಯ ಮುದ್ದೆ ಉಂಡವರಲ್ಲವೇ? ಆ ಮನಸ್ಸು ನಿನಗೊಬ್ಬಳಿಗೇ ಎಲ್ಲಿಂದ ಬಂತು?

ನಿನ್ನ ಟೀಮಿನ ಹುಡುಗಿಯರನ್ನು ಮತ್ತೆ ಒಟ್ಟುಗೂಡಿಸುತ್ತಿದ್ದೇನೆ ಅಕ್ಕಾ. ಬರುವ ಭಾನುವಾರ ಮೇಘನ ಬಂದು ಅವರಿಗೆ ಆ ಹೊಡೆತ ಕಲಿಸುತ್ತಾಳೆ. ಬಸ್‌ಸ್ಟ್ಯಾಂಡಿನಿಂದ ನಾನೇ ಕರೆತರುತ್ತೇನೆ. ವಿಷಯ ಹೇಳಿದಾಗ ನಮ್ಮ ಗೋಲ್‌ಕೀಪರ್ ಮುಖ ತಿರುಗಿಸಿ ನಿಂತಳು. ಆಮೇಲೆ ಮನೆಯೊಳಗೆ ಹೋಗಿ ಕೈಗವಸು ಹುಡುಕಿ ತಂದಳು.

"ಬರ್ಲಿ ಬುಡಣ್ಣ," ಅಂದಳು. "ಅವಳ ಎಡಗಾಲ್ನ ನಾನ್ ತಡೀತೀನಿ."

ನಿನ್ನ ತಮ್ಮ,
ಸಿದ್ದು