ಜೀಪಿನ ಹೊಸ ಸ್ವಿಚ್ಚು

ಚಿದು,

ಹೂವು ಹಣ್ಣು ತರೋಕೆ ಅಮ್ಮನೂ ನಾನೂ ಬೇಲೂರಿಗೆ ಹೋಗಿದ್ದೇವೆ. ನಾಲ್ಕು ಗಂಟೆಗೆ ಬಿಕ್ಕೋಡಿನ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರುತ್ತಾರೆ. ನಯನಾನೂ ಬರುತ್ತಾಳಂತೆ, ಗಡ್ಡ ತೆಗಿ.

ಹೆಣ್ಣು ನೋಡಲು ಹೋದ ದಿನ ನಮ್ಮ ಹಳೇ ಜೀಪಿಗೆ ಕಳ್ಳರ ಭಯಕ್ಕೆ ಹಾಕಿಸಿದ ಸೈರನ್ನು ಬಡಿದುಕೊಂಡಾಗ, ರಿಮೋಟ್ ಒತ್ತುತ್ತಾ ಜೀಪಿಗೆ ಪ್ರದಕ್ಷಿಣೆ ಹಾಕಿದೆಯಲ್ಲ, ನನ್ನ ಮಾನ ಹೋಯಿತು. ಕೊನೆಗೆ ನಯನಾನೇ ಕಾಫಿ ತಟ್ಟೆ ಕೆಳಗಿಟ್ಟು ಬಂದು, "ಬಾನೆಟ್ ಸ್ವಿಚ್ಚಿಗೆ ತುಕ್ಕು ಹಿಡಿದೈತೆ ಕಣ್ರೀ," ಅಂತ ವೈರು ಕಿತ್ತು ಸುಮ್ಮನಾಗಿಸಿದಳು. ನೀನು ಬಾಯಿ ಬಿಡಲಿಲ್ಲ. ಮನೆಗೆ ಬಂದವನೇ ವೈರು ಮತ್ತೆ ಸಿಕ್ಕಿಸಿದೆ. ಈಗ ಕಾಗೆ ಕೂತರೂ ಜೀಪು ಕಿರುಚುತ್ತೆ.

ಹೊಸ ಸ್ವಿಚ್ಚು ತಂದು ಫ್ರಿಜ್ ಮೇಲಿಟ್ಟಿದ್ದೇನೆ. ಅವಳು ಬರುವವರೆಗೂ ಹಾಕಬೇಡ. ಮಾತಾಡೋಕೆ ನಿನಗೂ ಏನಾದರೂ ಬೇಕಲ್ಲ!

ಅಕ್ಕ