ನಿನ್ನನ್ನು ಮನೆಯಲ್ಲಿ ಉಳಿಸಿಕೊಂಡ ದಿನ

ಪ್ರೀತಿಯ ಎಲ್ವುಡ್,

ನೀನು ಪಕ್ಕದ ಕೋಣೆಯಲ್ಲೇ ಇದ್ದೀಯ. ಟಿವಿಯ ಶಬ್ದ ಕೇಳಿಸುತ್ತಿದೆ. ಎದುರಿಗೆ ಕೂತು ಹೇಳೋಣವೆಂದರೆ ಎರಡನೇ ಮಾತಿಗೇ ಎದ್ದು ರಸ್ತೆಗೆ ಹೊರಡುತ್ತೀಯ, ನಾನು ಹಿಂದೆ ಬರಬೇಕು. ಇವತ್ತು ಬೆಳಗಿನಿಂದ ಒಂಬತ್ತು ಸಲ ಬಂದಿದ್ದೇನೆ, ಇನ್ನು ಕಾಲಿನಲ್ಲಿ ತ್ರಾಣವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಓದುವುದಿಲ್ಲ ಎಂದು ಗೊತ್ತು. ಮೂವತ್ತೆಂಟು ವರ್ಷ ಎಲ್ಲವನ್ನೂ ನಿನಗೇ ಹೇಳಿಕೊಂಡು ಅಭ್ಯಾಸವಾಗಿದೆ, ಬೇರೆ ಯಾರಿಗೆ ಬರೆಯಲಿ?

ನಾಳೆ ಹತ್ತು ಗಂಟೆಗೆ ಬ್ಯಾಂಗರ್‌ನ ಆರೈಕೆ ಮನೆಯಿಂದ ಕಾರು ಬರುತ್ತದೆ. ಬಟ್ಟೆಗಳ ಮೇಲೆಲ್ಲ ಹೆಸರು ಬರೆದು ಕಳಿಸಿ ಎಂದಿದ್ದಾರೆ. ಅಂಗಿ, ಕಾಲುಚೀಲ, ಒಳಚಡ್ಡಿ ಯಾವುದನ್ನೂ ಬಿಡದೆ ಬರೆದು ಬರೆದು ಬೆರಳು ಮರಗಟ್ಟಿದೆ. ನೀನು ಹೋಗುವ ಮೊದಲು ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಊರಿನವರು ನಿನ್ನ ಬೋನುಗಳ ಹಗ್ಗ ಕತ್ತರಿಸುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಿತ್ತು.

ಲಾಬ್‌ಸ್ಟರ್ ಬೋನು ಕಡಲ ತಳದಲ್ಲಿರುತ್ತದೆ, ಹಗ್ಗದ ತುದಿಗೆ ಕಟ್ಟಿದ ಅವರವರ ಬಣ್ಣದ ತೇಲುಬುರುಡೆ ಗುರುತಿಗೆ ನೀರ ಮೇಲಿರುತ್ತದೆ. ಕಾವಲಿಗೆ ಯಾರೂ ಇಲ್ಲ. ಇನ್ನೊಬ್ಬನ ಹೆಂಡತಿಯ ಜೊತೆ ಓಡಿಹೋದವನನ್ನು ನಮ್ಮ ಮೇನ್ ರಾಜ್ಯದ ಕರಾವಳಿಯ ಜನ ಕ್ಷಮಿಸಿಯಾರು, ಇನ್ನೊಬ್ಬನ ಬೋನು ಎತ್ತಿದವನನ್ನು ಮಾತ್ರ ಕ್ಷಮಿಸುವುದಿಲ್ಲ. ಪೊಲೀಸರ ತನಕ ಹೋಗುವ ಪದ್ಧತಿಯೂ ಇಲ್ಲ. ಮೊದಲು ಕಳ್ಳನ ಬುರುಡೆಗೆ ಹಗ್ಗದ ಒಂದು ಗಂಟು ಬೀಳುತ್ತದೆ. ಗೊತ್ತಾಗಿದೆ, ನಿಲ್ಲಿಸು ಎಂದು ಅದರ ಅರ್ಥ. ನಿಲ್ಲಿಸದಿದ್ದರೆ ಅವನ ಹಗ್ಗಗಳನ್ನೆಲ್ಲ ಕತ್ತರಿಸುತ್ತಾರೆ, ಬೋನುಗಳು ತಳದಲ್ಲೇ ಉಳಿದುಹೋಗುತ್ತವೆ. ನೀನೇ ನಿನ್ನ ಕಾಲದಲ್ಲಿ ಇಬ್ಬರಿಗೆ ಆ ಗಂಟು ಹಾಕಿದವನು. ಕಾನೂನಿನ ಅಳತೆಪಟ್ಟಿಗೆ ಕೂದಲೆಳೆಯಷ್ಟು ಕಮ್ಮಿ ಬಂದರೂ ಲಾಬ್‌ಸ್ಟರನ್ನು ವಾಪಸ್ ನೀರಿಗೆ ಬಿಡುತ್ತಿದ್ದೆ. ನಿನ್ನ ಈ ಕಟ್ಟುನಿಟ್ಟು ನೋಡಿ ನಾನೇ ರೇಗಿಸುತ್ತಿದ್ದೆ, "ಅದಕ್ಕೆ ಬರ್ತ್ ಸರ್ಟಿಫಿಕೇಟ್ ಕೇಳೋದೊಂದು ಬಾಕಿ ನೋಡು" ಎಂದು.

ಅಂಥ ನೀನು, ನಿನ್ನ ಹಗ್ಗ ಕತ್ತರಿಸಿದ ಆ ಬೇಸಗೆಯಲ್ಲಿ, ನಗುತ್ತ ಮನೆಗೆ ಬಂದೆ. "ನನ್ನ ಬುರುಡೆಗೆ ಯಾರೋ ಗಂಟು ಹಾಕವ್ರೆ ಕಣೆ" ಎಂದೆ. ಕೈಲಿದ್ದ ಕೆಲಸ ಬಿಟ್ಟು ನಾನು, "ಯಾರದಾದ್ರೂ ಬೋನು ಎತ್ತಿದ್ಯಾ?" ಎಂದು ಕೇಳಿದೆ. "ಹೂಂ, ಹಾಲಿಸ್‌ದು. ಅದ್ರಲ್ಲಿ ಜಾಸ್ತಿ ಇತ್ತು" ಎಂದೆ. ಅಷ್ಟೇ. ಮುಖದಲ್ಲಿ ನಾಚಿಕೆಯಿಲ್ಲ, ಭಯವಿಲ್ಲ. ಹಾಲಿಸ್ ನಿನ್ನ ಚಿಕ್ಕಪ್ಪನ ಮಗ, ಒಂದೇ ದೋಣಿಯಲ್ಲಿ ಕೆಲಸ ಕಲಿತವರು ನೀವು. ನಾನು ನಿನಗೆ ಬಾಯಿಗೆ ಬಂದಂತೆ ಬೈದೆ. ನೀನು ಕೇಳಿಸಿಕೊಂಡು ಮಾರನೇ ದಿನ ಮತ್ತೆ ಅವನ ಬೋನನ್ನೇ ಎತ್ತಿದೆ.

ಆ ವಾರವೇ ಹಾಲಿಸ್ ಅಡಿಗೆಮನೆಯ ಬಾಗಿಲಿಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ. "ನೋಡು ವರ್ನಾ, ಗಂಟು ಹಾಕಿದ್ದಾಯ್ತು, ಎರಡನೇ ಗಂಟೂ ಹಾಕಿದ್ದಾಯ್ತು. ಇನ್ನೇನು ಅವನ ಕೈ ಕಟ್ಟಾಕ್ಲಾ? ನಾಳೆ ಅವನು ಕಡಲಿಗೆ ಬರೋದು ಬೇಡ. ಎದುರಿಗೆ ಸಿಕ್ಕಿದ್ರೆ ಹುಡುಗರು ಸುಮ್ನಿರಲ್ಲ. ಮನೇಲಿ ಇರಿಸ್ಕೋ" ಎಂದ. ನಾನು ಹೂಂ ಎಂದು ತಲೆಯಾಡಿಸಿದೆ. ನಿನಗೆ ಹೇಳಬಹುದಿತ್ತು, ಹಾಲಿಸ್‌ನ ಕೈ ಹಿಡಿದು ಬೇಡಬಹುದಿತ್ತು. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಆಗಲಿ, ಬುದ್ಧಿ ಬರಲಿ ಎಂದುಕೊಂಡೆ.

ಮಾರನೇ ದಿನ ಬ್ಲೂಬೆರಿ ಪೈ ಮಾಡಿದೆ. ಬಿಸಿ ಆರುವ ತನಕ ಕೂತಿರು ಎಂದೆ, ನೀನು ಕೂತೆ. ಆಮೇಲೆ ಇಡೀ ಪೈಯನ್ನು ಒಬ್ಬನೇ ತಿಂದೆ, ತಟ್ಟೆಯನ್ನೂ ನೆಕ್ಕಿದೆ. ಆ ಹೊತ್ತಿಗೆ ದೋಣಿ ಕಟ್ಟುವ ಧಕ್ಕೆಯಿಂದ ಹೋದ ನಾಲ್ಕು ದೋಣಿಗಳು ನಿನ್ನ ಹಗ್ಗಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದವು. ನಿನ್ನನ್ನು ನೋಡಿ ನನಗೆ ಹೇಸಿಗೆಯಾಯಿತು. ಇವನು ಯಾವಾಗ ಇಷ್ಟು ಹೊಟ್ಟೆಬಾಕನಾದ ಎಂದು ಯೋಚಿಸಿದೆ. ಅದೂ ಕಾಯಿಲೆಯ ಒಂದು ಗುಣ ಎಂದು ನನಗೆ ಯಾರು ಹೇಳಬೇಕಿತ್ತು?

ಮರುದಿನ ಕಡಲಿನಿಂದ ನಗುತ್ತಲೇ ಬಂದವನು, "ಬೋನು ಇಲ್ಲ. ಊಟಕ್ಕೇನು?" ಎಂದೆ. ನಲವತ್ತು ವರ್ಷದ ದುಡಿಮೆ ತಳ ಸೇರಿದರೂ ನಿನ್ನ ಕಣ್ಣಿನಲ್ಲಿ ಒಂದು ಹನಿಯಿಲ್ಲ. ಭಂಡತನ ಎಂದುಕೊಂಡೆ. ಆ ಚಳಿಗಾಲವಿಡೀ ಹೊಲಿಗೆ ಕೋಣೆಯಲ್ಲಿ ಮಲಗಿದೆ, ನಿನ್ನ ಜೊತೆ ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದು ನಿನ್ನ ಗಮನಕ್ಕೇ ಬರಲಿಲ್ಲ. ನನಗೆ ಅದೇ ಹೆಚ್ಚು ನೋವಾಯಿತು.

ನಿನ್ನ ಅಕ್ಕ ಸತ್ತಾಗ ಗೋರಿಯ ಪಕ್ಕ ನಿಂತು ಭಾವನನ್ನು, "ಸ್ಯಾಂಡ್‌ವಿಚ್ ಯಾವಾಗ ಕೊಡ್ತೀರಿ?" ಎಂದು ಕೇಳಿದೆಯಲ್ಲ, ಆಗ ನಮ್ಮ ಮಗಳು ಕಾರ್ಲಾ ನನ್ನ ತೋಳು ಹಿಡಿದಳು. "ಅಮ್ಮಾ, ಇದು ಅಪ್ಪ ಅಲ್ಲ. ಡಾಕ್ಟರ್ ಹತ್ರ ಹೋಗೋಣ" ಎಂದಳು. ಪೋರ್ಟ್‌ಲ್ಯಾಂಡ್‌ನ ಡಾಕ್ಟರಮ್ಮ ನಿನ್ನ ಮಿದುಳಿನ ಚಿತ್ರವನ್ನು ಗೋಡೆಯ ಬೆಳಕಿಗೆ ಹಿಡಿದು ಹಣೆಯ ಹಿಂದಿನ ಭಾಗ ತೋರಿಸಿದರು. ಅಲ್ಲಿ ಕಪ್ಪು ಸಂದುಗಳು ಬಿಟ್ಟಿದ್ದವು. "ಇದು ಮರೆವಿನ ಕಾಯಿಲೆ ಅಲ್ಲಮ್ಮ. ಅವರಿಗೆ ನಿಮ್ಮ ಹೆಸರು ಗೊತ್ತು, ದಾರಿ ಗೊತ್ತು. ನಾಚಿಕೆ, ಕರುಣೆ, ಇದು ಮಾಡಬಾರದು ಅನ್ನೋ ತಡೆ, ಅವು ಇರೋ ಜಾಗ ಸೊರಗಿಹೋಗಿದೆ. ಐದಾರು ವರ್ಷದಿಂದ ನಡೀತಿರಬಹುದು" ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ, ಎಲ್ಲ ಮುಗಿದ ಮೇಲೆ ನನಗೆ ತಿಳಿಯಿತು.

ಧಕ್ಕೆಗೆ ಹೋಗಿ ಎಲ್ಲರೆದುರು ಹೇಳಿದೆ. ನನ್ನ ಗಂಡ ಕಳ್ಳನಲ್ಲ ಎಂದು ಕೂಗಿಯೇ ಹೇಳಿದೆ. ಹಾಲಿಸ್ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತ. "ಬೋನು ಕಳ್ಕೊಂಡವನು ನಕ್ಕಾಗ್ಲೇ ನಮಗೆ ಗೊತ್ತಾಗ್ಬೇಕಿತ್ತು. ಯಾವನು ನಗ್ತಾನೆ ಹೇಳು?" ಎಂದ. ಈಗ ಪ್ರತಿ ಗುರುವಾರ ಬಂದು ನಿನ್ನ ಹಿಂದೆ ನಡೆಯುತ್ತಾನೆ, ಆಗ ನಾನು ಸ್ನಾನ ಮಾಡುತ್ತೇನೆ. ವಾರಕ್ಕೆ ಒಂದೇ ಸಲ ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಹೆಂಗಸು ನಾನು. ಉಳಿದ ದಿನ ಫ್ರಿಜ್‌ಗೆ ಬೀಗ, ಔಷಧಿಗೆ ಬೀಗ, ಅಂಗಡಿಯಲ್ಲಿ ನೀನು ಜೇಬಿಗಿಳಿಸಿದ್ದಕ್ಕೆ ಕ್ಷಮಾಪಣೆ, ನೀನು ದಪ್ಪ ಎಂದು ಕರೆದ ಹೆಂಗಸಿಗೆ ಕ್ಷಮಾಪಣೆ. ಹೋದ ತಿಂಗಳು ನೀನು ನೂಕಿ ನಾನು ಬಿದ್ದಾಗ ನನ್ನನ್ನೇ ದಾಟಿಕೊಂಡು ಹೋದೆ. ಅದು ಅವನಲ್ಲ, ಅವನ ಕಾಯಿಲೆ ಎಂದು ಎಲ್ಲರಿಗೂ ಹೇಳುತ್ತೇನೆ. ನೆಲದ ಮೇಲೆ ಬಿದ್ದುಕೊಂಡು ನನಗೂ ಅದನ್ನೇ ಹೇಳಿಕೊಂಡೆ.

ಕೆಲವು ಸಲ ಕೂತು ಹಿಂದಕ್ಕೆ ಯೋಚಿಸುತ್ತೇನೆ. ಮದುವೆಯ ಮೂವತ್ತನೇ ವರ್ಷಕ್ಕೆ ನನಗೊಂದು ಹೂವೂ ತರದೆ ಮಲಗಿದವನು ನೀನೋ, ಆ ಕಾಯಿಲೆಯೋ? ನನಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದು ಐದೇ ನಿಮಿಷಕ್ಕೆ ಹೊರಟವನು? ಯಾವ ದಿನದಿಂದ ನಾನು ಒಂಟಿ ಎಂದು ಎಣಿಸಲಿ, ಎಲ್ವುಡ್? ಡಾಕ್ಟರಮ್ಮನಿಗೂ ಗೊತ್ತಿಲ್ಲ.

ನಿನ್ನೆ ನಿನ್ನ ಕೈ ಹಿಡಿದು ಬಾಯಿಬಿಟ್ಟೆ. ಆ ದಿನ ಬೇಕೆಂದೇ ನಿನ್ನನ್ನು ಮನೆಯಲ್ಲಿ ಇರಿಸಿಕೊಂಡೆ, ಪೈ ಮಾಡಿದ್ದೇ ಅದಕ್ಕೆ ಎಂದೆ. ನೀನು ನನ್ನ ಮುಖ ನೋಡಿ, "ಪೈ ಇನ್ನೂ ಇದ್ಯಾ?" ಎಂದು ಕೇಳಿದೆ. ಕ್ಷಮೆ ಕೊಡುವವನೇ ನಿನ್ನೊಳಗಿಲ್ಲ. ಕೇಳುತ್ತ ಕೂರುವ ಶಕ್ತಿ ನನಗೂ ಇಲ್ಲ.

ನಾಳೆ ಕಾರಿನ ಬಾಗಿಲು ತೆಗೆದ ಕೂಡಲೇ ನೀನು ಹತ್ತಿ ಕೂರುತ್ತೀಯ. ತಿರುಗಿ ನೋಡುವುದಿಲ್ಲ. ಅದಕ್ಕೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ, ಅದು ಕಾಯಿಲೆ. ಕಾರು ತಿರುವು ದಾಟಿದ ಮೇಲೆ ನಾನು ಒಳಗೆ ಬಂದು, ಹಾಡುಹಗಲೇ ನಮ್ಮ ಮಂಚದ ಮೇಲೆ ಮಲಗಿ, ಕಣ್ತುಂಬ ನಿದ್ದೆ ಮಾಡುತ್ತೇನೆ. ಮೂರು ವಾರದಿಂದ ಆ ನಿದ್ದೆಗೆ ಆಸೆಪಟ್ಟು ದಿನ ಎಣಿಸುತ್ತಿದ್ದೇನೆ. ನನ್ನ ಮಿದುಳಿನಲ್ಲಿ ಯಾವ ಸಂದೂ ಬಿಟ್ಟಿಲ್ಲ, ಎಲ್ವುಡ್. ಹಾಗೆ ಆಸೆಪಟ್ಟಿದ್ದು ನಾನೇ.

ಅಲ್ಲಿ ನಿನ್ನನ್ನು ಯಾರೂ ಬೈಯದಿರಲಿ.

ಇನ್ನೂ ನಿನ್ನವಳೇ ಆದ,
ವರ್ನಾ